ಜೀಪು ಸೋರಿದ ಮದುವೆ ಹಂಗಾಮು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯವರು ಹೇಳುತ್ತಾರೆ. ಅದೇನೂ ಸುಳ್ಳಲ್ಲ. ಅದರಲ್ಲೂ ಯಂತ್ರಗಳ ಮೇಲೆ ಬರುವ ಸಿಟ್ಟು ಮನುಷ್ಯರ ಮೇಲೆ ಬರುವ ಸಿಟ್ಟಿಗಿಂತ ಕೆಟ್ಟದ್ದು. ಮನುಷ್ಯನಿಗೆ ಬೈದರೆ ತಿರುಗಿ ಬೈಯುತ್ತಾನೆ, ಅಲ್ಲಿಗೆ ಮುಗಿಯುತ್ತದೆ. ಜೀಪಿಗೆ ಬೈದರೆ ಅದು ನಿಂತಲ್ಲೇ ನಿಂತು ಎಣ್ಣೆ ಸೋರಿಸುತ್ತಿರುತ್ತದೆ. ಆಗ ಆ ಬೈಗುಳವನ್ನು ಹೊತ್ತುಕೊಳ್ಳಲು ಒಬ್ಬ ಮನುಷ್ಯ ಬೇಕಾಗುತ್ತಾನೆ. ಆ ವರ್ಷ ನನಗೆ ಸಿಕ್ಕವರು ರಾಣೇಬೆನ್ನೂರಿನ ಗಾಡಿ ರಿಪೇರಿಯ ಮಿಸ್ತ್ರಿ.

ಎರಡು ಸಾವಿರದ ಇಸವಿ ದಾಟಿ ಮೂರೋ ನಾಲ್ಕೋ ವರ್ಷವಾಗಿತ್ತು. ಹೆದ್ದಾರಿ ಅಗಲ ಮಾಡುವ ಕೆಲಸ ನಡೆದು ಹಾವೇರಿಯಿಂದ ರಾಣೇಬೆನ್ನೂರಿನ ತನಕ ಬರೀ ಧೂಳು. ಹಾವೇರಿಯಲ್ಲಿ ನನ್ನದು ಶಾಮಿಯಾನದ ಅಂಗಡಿ. ಮದುವೆ, ಸೀಮಂತ, ಜವಳ, ಯಾವುದೇ ಇರಲಿ, ಕಂಬ, ಬಟ್ಟೆ, ಜಮಖಾನೆ, ಹಂಡೆ, ಪರಾತಗಳನ್ನು ಒಯ್ದು ಕೊಡುವುದು, ಮುಗಿದ ಮೇಲೆ ತರುವುದು. ಇದಕ್ಕೆಲ್ಲ ಒಂದೇ ಆಧಾರ ನನ್ನ ಹಳೇ ಜೀಪು. ಹಿಂದೆ ಒಂದು ಟ್ರೇಲರ್ ಕಟ್ಟಿದರೆ ಅರ್ಧ ಮದುವೆ ಅದರಲ್ಲೇ ಹೋಗುತ್ತಿತ್ತು.

ದಸರೆ ಮುಗಿದು ದೀಪಾವಳಿ ಬರುವಷ್ಟರಲ್ಲಿ ಅದರ ಹಿಂಭಾಗ ಸೋರತೊಡಗಿತು. ಜೀಪಿನ ಹಿಂದಿನ ಎರಡು ಗಾಲಿಗಳ ನಡುವೆ ಕುಂಬಳಕಾಯಿಯಷ್ಟು ದಪ್ಪನೆಯ ಕಬ್ಬಿಣದ ಗೂಡು ಇರುತ್ತದೆ. ಎಂಜಿನ್ನಿನಿಂದ ಬಂದ ತಿರುಗುವ ಬಲವನ್ನು ಎರಡೂ ಗಾಲಿಗೆ ಹಂಚುವ ಹಲ್ಲಿನ ಚಕ್ರಗಳು ಅದರೊಳಗೆ, ದಪ್ಪ ಎಣ್ಣೆಯಲ್ಲಿ ಮುಳುಗಿಕೊಂಡು ತಿರುಗುತ್ತಿರುತ್ತವೆ. ಅದೇ ಡಿಫರೆನ್ಶಿಯಲ್. ನಮ್ಮ ಕಡೆಯ ಡ್ರೈವರುಗಳ ಬಾಯಲ್ಲಿ ಡಿಫರೆನ್ಸಲ್. ಎಣ್ಣೆ ಹೊರಗೆ ಬಾರದಂತೆ ಸುತ್ತ ಮೂರು ನಾಲ್ಕು ಕಡೆ ರಬ್ಬರಿನ ಸೀಲುಗಳಿರುತ್ತವೆ. ಇಷ್ಟೆಲ್ಲ ನನಗೆ ಮೊದಲೇ ಗೊತ್ತಿತ್ತು ಎಂದಲ್ಲ. ಆ ನಾಲ್ಕು ತಿಂಗಳಲ್ಲಿ ಹೊಟ್ಟೆ ಉರಿಸಿಕೊಂಡು ಕಲಿತದ್ದು.

ಮೊದಲು ಸೋರಿದ್ದು ಹಲಗೇರಿಯ ಒಂದು ಮದುವೆ ಮನೆಯ ಮುಂದೆ. ಅಂಗಳ ಸಾರಿಸಿ, ಎಳೆ ಎಳೆಯಾಗಿ ರಂಗೋಲಿ ಬಿಟ್ಟಿದ್ದರು. ನಾನು ಜೀಪನ್ನು ಹಿಂದಕ್ಕೆ ತೆಗೆದುಕೊಂಡು ಹೋಗಿ ಚೊಕ್ಕವಾಗಿ ಬಾಗಿಲಿಗೇ ನಿಲ್ಲಿಸಿ, ಕಂಬ ಇಳಿಸಿ, ಮುಂದೆ ತಂದೆ. ಹಿಂದೆ ಅಂಗೈಯಗಲ ಕರೀ ಎಣ್ಣೆ. ಮದುಮಗಳ ಅಜ್ಜಿ ಸೊಂಟಕ್ಕೆ ಕೈಯಿಟ್ಟುಕೊಂಡು ನಿಂತಿದ್ದಳು.

"ಏನಪಾ ಶಾಮಿಯಾನದಾವನ, ಮದುವಿ ಮನಿ ಬಾಗಲಕ್ಕ ಎಣ್ಣಿ ಸುರದೀಯಲ್ಲ, ನಿನಗೇನು ನಮ್ಮ ಮ್ಯಾಲೆ ಹಗೆ ಐತೇನು?"

"ಅಮ್ಮಾ, ಗಾಡಿ ಸೋರೈತ್ರಿ, ನಾನೇನು ಬೇಕಂತ ಸುರದಿಲ್ರಿ."

"ಸೋರೂ ಗಾಡಿ ತಗೊಂಡು ಮದುವಿಗೆ ಯಾಕ ಬಂದಿ? ನಡಿ, ನೀನ ಬಳಿ ಅದನ್ನ."

ಬೂದಿ ಹಾಕಿ, ತಿಕ್ಕಿ, ಸಗಣಿ ಹಾಕಿ ನಾನೇ ಬಳಿದೆ. ನಾಲ್ಕು ಜನ ಹೆಣ್ಣುಮಕ್ಕಳು ಅರಿಷಿಣ ಕುಟ್ಟುತ್ತ ನನ್ನನ್ನು ನೋಡಿ ನಕ್ಕರು. ಬಳಿದ ಜಾಗ ಒಣಗಿದ ಮೇಲೂ ಗಂಧಕ ಸುಟ್ಟಂಥ ನಾತ ಹೋಗಲಿಲ್ಲ. ಆ ಎಣ್ಣೆಯ ಗುಣವೇ ಅದು, ಎಂಜಿನ್ ಎಣ್ಣೆ ಹಾಗೆ ನಾರುವುದಿಲ್ಲ.

ರಾಣೇಬೆನ್ನೂರಿನ ಮಿಸ್ತ್ರಿ ಎಂದರೆ ಆ ಕಾಲಕ್ಕೆ ಡಿಫರೆನ್ಶಿಯಲ್ ಕೆಲಸದಲ್ಲಿ ಸುತ್ತಮುತ್ತ ದೊಡ್ಡ ಹೆಸರು. ಅರವತ್ತರ ಆಸುಪಾಸಿನ ವಯಸ್ಸು, ಸಣಕಲು ಆಳು, ಕಿವಿಯ ಮೇಲೆ ಸದಾ ಒಂದು ತುಂಡು ಪೆನ್ಸಿಲ್. ಅವರು ಗಾಡಿಯ ಕೆಳಗೆ ಹೋಗುವ ಮುಂಚೆ ಅದನ್ನು ಒಮ್ಮೆ ಓಡಿಸಲು ಹೇಳಿ ಸದ್ದು ಕೇಳುತ್ತಿದ್ದರು. ಆಮೇಲೆ ಎರಡೂ ಬದಿಯ ಎಕ್ಸೆಲ್ ಎಳೆದು, ಮುಚ್ಚಳ ಬಿಚ್ಚಿ, ಒಳಗಿನ ಚಕ್ರದ ಗಡ್ಡೆಯನ್ನು ಕೂಸನ್ನು ಎತ್ತಿದಂತೆ ಎತ್ತಿ ಬೆಂಚಿನ ಮೇಲಿಡುತ್ತಿದ್ದರು. ತೆಗೆದದ್ದೆಲ್ಲ ತೆಗೆದ ಕ್ರಮದಲ್ಲೇ ಸಾಲಾಗಿ ಇರಬೇಕು, ಯಾರೂ ಮುಟ್ಟಬಾರದು. ನಾನು ಅವರನ್ನು ಕಾಕಾ ಎನ್ನುತ್ತಿದ್ದೆ, ಎಲ್ಲರೂ ಹಾಗೇ ಕರೆಯುತ್ತಿದ್ದರು.

ಕಾಕಾ ಜೀಪಿನ ಬುಡವನ್ನು ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ಮುಖಕ್ಕೆ ಹಚ್ಚುವ ಪೌಡರಿನ ಡಬ್ಬಿ ತಂದು ಅದರ ಮೇಲೆಲ್ಲ ಉದುರಿಸಿದರು. ನನಗೆ ನಗು ಬಂತು. ಆದರೆ ಹತ್ತು ಕಿಲೋಮೀಟರು ಓಡಿಸಿಕೊಂಡು ಬಂದು ನೋಡಿದರೆ ಬೆಳ್ಳಗಿನ ಪೌಡರಿನ ಮೇಲೆ ಎಣ್ಣೆಯ ದಾರಿ ಸ್ಪಷ್ಟವಾಗಿ ಕಾಣುತ್ತಿತ್ತು. ಮುಂದಿನ ಕಡೆಯಿಂದ, ಉದ್ದನೆಯ ತಿರುಗುವ ಕೊಳವೆ ಬಂದು ಸೇರುವ ಮೂತಿಯಿಂದ ಅದು ಇಳಿದಿತ್ತು.

"ಎಣ್ಣಿ ಬೀಳೂ ಜಾಗಾ ಬ್ಯಾರೆ, ಹೊರಡೂ ಜಾಗಾ ಬ್ಯಾರೆ ತಮ್ಮಾ. ಬಿದ್ದಲ್ಲೇ ನೋಡಿ ಬಿಚ್ಚಾಂವ ಮಿಸ್ತ್ರಿ ಅಲ್ಲ," ಎಂದು ಹೇಳಿ, ಆ ಮೂತಿಯ ಸೀಲು ಬದಲಿಸಿದರು. ನಟ್ಟು ಬಿಚ್ಚುವ ಮುನ್ನ ಉಳಿಯಿಂದ ಗುರುತು ಹಾಕಿದರು, ಮತ್ತೆ ಬಿಗಿಯುವಾಗ ಗುರುತಿಗೆ ಗುರುತು ಕೂಡಿಸಿದರು. ಕೂದಲೆಳೆಯಷ್ಟು ಹೆಚ್ಚು ಬಿಗಿದರೂ ಒಳಗಿನ ಬೇರಿಂಗು ಸಾಯುತ್ತದೆ ಎಂದರು. ನಾನು ಹೂಂಗುಟ್ಟಿದೆ.

ವಾರಕ್ಕೆಲ್ಲ ಮತ್ತೆ ಅದೇ ಜಾಗದಿಂದ ಸೋರಿತು.

ತುಳಸಿ ಲಗ್ನ ಮುಗಿದು ಮದುವೆಗಳು ಸಾಲು ಹಿಡಿದಿದ್ದವು. ನಾನು ದಿನಾ ರಾತ್ರಿ ಜೀಪಿನ ಕೆಳಗೆ ಹಳೇ ಲಗ್ನಪತ್ರಿಕೆಗಳನ್ನು ಹಾಸಿ ಬೆಳಿಗ್ಗೆ ಎದ್ದು ನೋಡುವುದು, ಅದರ ಮೇಲೆ ಒಂದು ಹನಿಯೂ ಇರುವುದಿಲ್ಲ. ಇದೆಂಥ ಆಟ! ಮನೆಯ ಮುಂದೆ ರಾತ್ರಿಯೆಲ್ಲ ನಿಂತಾಗ ಸಂಭಾವಿತನಂತೆ ಇದ್ದು, ಯಾರದೋ ಮನೆ ಅಂಗಳಕ್ಕೆ ಹೋದೊಡನೆ ಶುರು ಮಾಡುತ್ತಿತ್ತು. ಓಣಿಯವರೆಲ್ಲ ಒಂದೊಂದು ಔಷಧ ಹೇಳಿದರು. ಎಣ್ಣೆ ಹೆಚ್ಚಾಗಿದೆ ಎಂದ ಒಬ್ಬ, ತೆಳುವಾಗಿದೆ ಎಂದ ಇನ್ನೊಬ್ಬ. ಎದುರು ಮನೆಯ ನಿವೃತ್ತ ಕಂಡಕ್ಟರು ಎಣ್ಣೆಯನ್ನು ಬೆರಳಿಗೆ ಹಚ್ಚಿಕೊಂಡು ಮೂಸಿ, "ಇದು ಬ್ರೇಕ್ ಎಣ್ಣಿ" ಎಂದರು. ಅವರ ಮೂಗಿಗೆ ಅಡಿಕೆ, ಸುಣ್ಣ ಬಿಟ್ಟು ಬೇರೆ ಯಾವ ವಾಸನೆಯೂ ಹತ್ತುತ್ತಿರಲಿಲ್ಲ ಎಂಬುದು ಇಡೀ ಓಣಿಗೆ ಗೊತ್ತಿತ್ತು.

ಎರಡನೇ ಸಲ ಕಾಕಾ ಎಲ್ಲವನ್ನೂ ಬಿಚ್ಚಿದರು. ಇಡೀ ಗಡ್ಡೆ ಹೊರಗೆ ಬಂತು. ಮೂತಿಯ ಕಬ್ಬಿಣದಲ್ಲಿ ಸೀಲು ತಿಂದ ಗೆರೆ ಇದೆಯೇ ಎಂದು ಉಗುರಿನಿಂದ ಕೆರೆದು ನೋಡಿದರು. ಗೆರೆಯಿರಲಿಲ್ಲ. ಬೇರಿಂಗು ಅಲುಗುತ್ತದೆಯೇ ನೋಡಿದರು. ಅಲುಗುತ್ತಿರಲಿಲ್ಲ. ಮತ್ತೆ ಹೊಸ ಸೀಲು. ಮತ್ತೆ ವಾರ. ಮತ್ತೆ ಕರ್ಜಗಿಯ ಒಂದು ಮನೆಯಲ್ಲಿ ನಾನು ಸಗಣಿ ಬಳಿಯುತ್ತ ಕೂತೆ.

ಮೂರನೇ ಸಲ ರಾಣೇಬೆನ್ನೂರಿಗೆ ಹೋದಾಗ ನನ್ನ ತಲೆ ಕೆಟ್ಟು ಹೋಗಿತ್ತು. ಕಾಕಾ ಕೆಳಗೆ ನುಸುಳಿ, ತುಂಬ ಹೊತ್ತು ಮಲಗಿದ್ದು, ಮೇಲೆದ್ದು ಚಹಾದ ಗ್ಲಾಸು ಹಿಡಿದುಕೊಂಡು ನಿಂತರು.

"ನಿಂತಾಗ ಸೋರವಲ್ದು, ಓಡಿದಾಗಷ್ಟ ಸೋರತೈತಿ ಅಂತೀದಿ. ನನಗ ಇದ್ಯಾಕೋ ಸೀಲಿನ ಕಾರಣ ಅನಸವಲ್ದು ತಮ್ಮಾ. ಎರಡು ದಿವಸ ಗಾಡಿ ಬಿಟ್ಟು ಹೋಗು. ನಾ ಸಾವಕಾಶ ನೋಡತೇನಿ."

"ಎರಡು ದಿವಸ? ನಾಳೆ ಎರಡು ಮದುವಿ ಅದಾವ್ರಿ! ಕಂಬ ತಲಿ ಮ್ಯಾಲೆ ಹೊತ್ಕೊಂಡು ಹೋಗ್ಲೇನು?"

"ಹಂಗಲ್ಲಪಾ, ಅವಸರ ಮಾಡಿದ್ರ..."

ಅವರು ಮಾತು ಮುಗಿಸಲಿಲ್ಲ, ನಾನು ಬಿಡಲಿಲ್ಲ. ಗ್ಯಾರೇಜಿನಲ್ಲಿ ನಾಲ್ವರು ಡ್ರೈವರುಗಳು ಕೂತಿದ್ದರು, ಕುಮಾರಪಟ್ಟಣಕ್ಕೆ ದಿನಾ ಬಾಡಿಗೆ ಓಡಿಸುವವರು, ಕಾಕಾನ ಕಾಯಂ ಗಿರಾಕಿಗಳು. ಅವರ ಮುಂದೆಯೇ ನಾನು ಶುರು ಮಾಡಿದೆ. ಕಾಕಾನ ಕೈಯಲ್ಲಿದ್ದ ಗ್ಲಾಸಿನಲ್ಲಿ ಚಹಾ ಸಣ್ಣಗೆ ಅಲುಗುತ್ತಿತ್ತು. ಅದೊಂದು ನನ್ನ ಕಣ್ಣಿಗೆ ಬಿತ್ತು, ಅಷ್ಟೇ ಸಾಕಾಯಿತು.

"ನಿಮ್ಮ ಕೈ ನಡುಗಾಕತ್ತೈತಿ ಕಾಕಾ! ನೋಡ್ರಿ, ಗ್ಲಾಸು ಸೈತ ನಿಂದ್ರವಲ್ದು! ಸೀಲು ಸೊಟ್ಟ ಬಡದು ಕುಂದ್ರಸತೀರಿ, ಅದು ಸೋರತೈತಿ. ಕೈ ನಿಂದ್ರಲಿಲ್ಲಂದ್ರ ಕೆಲಸ ಯಾಕ ಹಿಡೀತೀರಿ? ಮಂದಿ ಮನಿ ಅಂಗಳ ಬಳದು ಬಳದು ನನ್ನ ಬೆರಳು ಸವದಾವು!"

ಕಾಕಾ ಗ್ಲಾಸನ್ನು ಬೆಂಚಿನ ಮೇಲಿಟ್ಟರು. ತಮ್ಮ ಬಲಗೈಯನ್ನು ಒಮ್ಮೆ ನೋಡಿಕೊಂಡು "ಆತಪಾ" ಎಂದರು. ಅಷ್ಟೇ. ತಿರುಗಿ ಬೈದಿದ್ದರೆ ನನ್ನ ಸಿಟ್ಟು ಅಲ್ಲಿಗೇ ತಣ್ಣಗಾಗುತ್ತಿತ್ತೇನೋ. ಬೈಯಲಿಲ್ಲವಲ್ಲ ಎಂದು ಇನ್ನಷ್ಟು ಸಿಟ್ಟು ಬಂದು, ಜೀಪು ಹತ್ತಿ ಹಾವೇರಿಗೆ ಬಂದುಬಿಟ್ಟೆ.

ಹಾವೇರಿಯಲ್ಲಿ ಆಗಷ್ಟೇ ಹೊಸದೊಂದು ಗ್ಯಾರೇಜು ಬಂದಿತ್ತು. ಆ ಎರಡು ಮದುವೆ ಮುಗಿಸಿ ಜೀಪನ್ನು ಅಲ್ಲಿ ಬಿಟ್ಟೆ. ಕೆಲಸಗಾರರಿಗೆಲ್ಲ ಒಂದೇ ಬಣ್ಣದ ಅಂಗಿ, ಗೋಡೆಯ ಮೇಲೆ ಸಾಲಾಗಿ ನೇತುಹಾಕಿದ, ನಟ್ಟು ಬಿಚ್ಚುವ ಪಾನಾಗಳು. ಅವರು ಜೀಪಿನ ಸದ್ದು ಕೇಳುವ ಗೋಜಿಗೆ ಹೋಗಲಿಲ್ಲ. ಡಿಫರೆನ್ಶಿಯಲ್ ಪೂರಾ ತೆಗೆದು, ಸೀಲು, ಬೇರಿಂಗು, ಪ್ಯಾಕಿಂಗು ಎಲ್ಲವನ್ನೂ ಹೊಸದು ಹಾಕಿ, ಮರುದಿನವೇ ಕೊಟ್ಟರು. ನಾನು ಹಿಗ್ಗಿದೆ. ಕೆಲಸ ಎಂದರೆ ಹೀಗಿರಬೇಕು ಎಂದು ಓಣಿಯಲ್ಲೆಲ್ಲ ಹೇಳಿಕೊಂಡು ತಿರುಗಿದೆ, ಜೊತೆಗೆ ರಾಣೇಬೆನ್ನೂರಿನ ಮಿಸ್ತ್ರಿಯ ಕೈ ಹೋಗಿದೆ ಎಂಬುದನ್ನೂ ಸೇರಿಸಿ ಹೇಳಿದೆ. ಯಾರೂ ಕೇಳದಿದ್ದರೂ ಹೇಳಿದೆ.

ನಾಲ್ಕು ದಿನ ಕಳೆಯಿತು. ಮೊದಲು ಅದು ಊಳಿಡಲು ಸುರುಮಾಡಿತು. ನಲವತ್ತರ ವೇಗ ದಾಟಿದೊಡನೆ ಹಿಂದಿನಿಂದ ನಾಯಿ ಅತ್ತಂತೆ ಸದ್ದು. ಹೋಗಿ ಕೇಳಿದರೆ, ಹೊಸ ಬೇರಿಂಗು, ಕೂಡಿಕೊಳ್ಳುತ್ತದೆ ಎಂದರು. ಆಮೇಲೆ ಮೂತಿಯಿಂದ ಎಣ್ಣೆ. ಆಮೇಲೆ ಮುಚ್ಚಳದ ಅಂಚಿನಿಂದ ಎಣ್ಣೆ. ಸೋರುವ ಜೀಪು ಈಗ ಸೋರುತ್ತ ಊಳಿಡುವ ಜೀಪಾಯಿತು. ನನ್ನ ಹೆಂಡತಿ, "ಅಲ್ರೀ, ಇದಕ್ಕಿಂತ ಆ ಕಾಕಾ ಮಾಡಿದ್ದ ಚಲೋ ಇತ್ತಲ್ಲ, ಬರೇ ಸೋರತಿತ್ತು, ಅಳತಿರಲಿಲ್ಲ," ಎಂದಳು. ಅವಳ ಮೇಲೂ ಹಾರಿಬಿದ್ದೆ. ಆ ಹಂಗಾಮಿನಲ್ಲಿ ನಾನು ಹಾರಿಬೀಳದ ಪ್ರಾಣಿ ಎಂದರೆ ನಮ್ಮ ಎಮ್ಮೆಯೊಂದೇ.

ಸಂಕ್ರಾಂತಿ ಕಳೆದು ಬ್ಯಾಡಗಿಯಲ್ಲಿ ಮೆಣಸಿನಕಾಯಿ ಬರುವ ದಿನಗಳು. ಅಲ್ಲೊಂದು ನಿಶ್ಚಯ ಕಾರ್ಯಕ್ಕೆ ಜಮಖಾನೆ, ಪರಾತಗಳನ್ನು ತುಂಬಿಕೊಂಡು ಹೋದೆ. ಆ ದಿನಗಳಲ್ಲಿ ಬ್ಯಾಡಗಿಗೆ ಹೋದವರಿಗೆ ಗೊತ್ತಿರುತ್ತದೆ, ಊರು ಒಂದು ಕಿಲೋಮೀಟರು ಇರುವಾಗಲೇ ಸೀನು ಸುರುವಾಗುತ್ತದೆ. ರಸ್ತೆಯ ಎರಡೂ ಬದಿಗೆ ಚೀಲದ ಗಾಡಿಗಳು, ಗಾಳಿಯೆಲ್ಲ ಕೆಂಪು ಪುಡಿ. ಮಾರುಕಟ್ಟೆಯ ಹತ್ತಿರ ಎದುರಿಗೆ ಒಬ್ಬ ಹಮಾಲ ಚೀಲ ಹೊತ್ತು ಅಡ್ಡ ಬಂದ. ಬ್ರೇಕು ತುಳಿದೆ. ಪೆಡಲ್ಲು ಕೆಳಗೆ ಹೋಯಿತು, ಜೀಪು ನಿಲ್ಲಲಿಲ್ಲ. ಇನ್ನೊಮ್ಮೆ ತುಳಿದೆ. ಹಿಂದಿನಿಂದ ಟ್ರೇಲರ್ ನೂಕುತ್ತಿತ್ತು. ಹಮಾಲ ಚೀಲ ಎಸೆದು ಪಕ್ಕಕ್ಕೆ ಹಾರಿದ. ಜೀಪು ಚೀಲಗಳ ಒಟ್ಟಿಲಿಗೆ ಮುಖ ಹುದುಗಿಸಿ ನಿಂತಿತು.

ಯಾರಿಗೂ ಏನೂ ಆಗಲಿಲ್ಲ. ಹಮಾಲ ಎದ್ದು ಬಂದು ನನ್ನ ಅಂಗಿಯ ಕಾಲರು ಹಿಡಿದ. ಅವನು ಬೈದದ್ದನ್ನೆಲ್ಲ ನಾನು ತಲೆತಗ್ಗಿಸಿ ಕೇಳಿಸಿಕೊಂಡೆ. ಆಮೇಲೆ ಅವನೇ ನಾಲ್ಕು ಜನರನ್ನು ಕರೆದು ಜೀಪನ್ನು ಹತ್ತಿರದ ಗ್ಯಾರೇಜಿಗೆ ನೂಕಿಸಿದ.

ಅಲ್ಲಿಯ ಮೆಕ್ಯಾನಿಕ್ ನಲವತ್ತರ ಆಸುಪಾಸಿನವನು, ಮೂಗು ಬಾಯಿಗೆ ಟವೆಲ್ಲು ಸುತ್ತಿಕೊಂಡಿದ್ದ. ನಾನು ನಾಲ್ಕು ತಿಂಗಳ ಕಥೆ ಹೇಳಲು ಬಾಯಿ ತೆರೆದರೆ ಕೈ ಮಾಡಿ ತಡೆದು, ಕೆಳಗೆ ನುಸುಳಿದ.

"ಅಣ್ಣಾರ, ಬರ್ರಿಲ್ಲಿ, ಬಗ್ಗಿ ನೋಡ್ರಿ."

ಬಗ್ಗಿದೆ. ಎಣ್ಣೆ ಎಲ್ಲೆಲ್ಲಿ ಹಸಿಯಾಗಿತ್ತೋ ಅಲ್ಲೆಲ್ಲ ಬ್ಯಾಡಗಿಯ ಕೆಂಪು ಪುಡಿ ಹತ್ತಿಕೊಂಡಿತ್ತು. ಮೂತಿಯ ಸುತ್ತ ಕೆಂಪು, ಮುಚ್ಚಳದ ಸುತ್ತ ಕೆಂಪು, ಎಡಗಾಲಿಯ ಒಳಗೆ ಕೆಂಪು, ಬಲಗಾಲಿಯ ಒಳಗೂ ಕೆಂಪು. ಗಾಲಿಗಳ ಸೀಲು ದಾಟಿದ ಎಣ್ಣೆ ಬ್ರೇಕಿಗೆ ಇಳಿದಿತ್ತು, ಅದಕ್ಕೇ ಜೀಪು ನಿಂತಿರಲಿಲ್ಲ.

"ನಾಕೂ ಕಡೆ ಸೀಲು ಒಮ್ಮೆಲೆ ಕೆಡತಾವೇನ್ರಿ? ಅದೂ ಎಲ್ಲಾ ಹೊಸಾವು? ಒಳಗಿಂದ ಏನೋ ನೂಕಾಕತ್ತೈತ್ರಿ ಎಣ್ಣೀನ."

ಎಣ್ಣೆ ತುಂಬುವ ಬಿರಡೆಗೆ ಪಾನಾ ಹಾಕಿ ಸ್ವಲ್ಪವೇ ಸಡಿಲಿಸಿದ. ಉಸ್ಸೆಂದು ಗಾಳಿ ನುಗ್ಗಿ ಬಂತು, ಜೊತೆಗೆ ಒಂದು ಬೊಗಸೆ ಬಿಸಿ ಎಣ್ಣೆ ನನ್ನ ಬಿಳೀ ಅಂಗಿಯ ಮೇಲೆ. ಅವನು ನಕ್ಕ. ಗೂಡಿನ ನೆತ್ತಿಯ ಮೇಲೆ, ಬ್ರೇಕಿನ ಪೈಪಿನ ಹಿಂದೆ ಕೈ ಆಡಿಸಿ, ಮಣ್ಣು ಕೆರೆದು, ಒಂದು ಮೊಳೆಯಿಂದ ಏನನ್ನೋ ಗೀರತೊಡಗಿದ. ಕರೀ ಬಣ್ಣದ ದಪ್ಪ ಹಕ್ಕಳೆ ಉದುರಿತು. ಅದರ ಕೆಳಗೆ ಹೆಬ್ಬೆರಳಿನ ಉಗುರಿನಷ್ಟು ಸಣ್ಣದೊಂದು ಲೋಹದ ಟೊಪ್ಪಿಗೆ.

"ಇದು ಬ್ರೀದರ್ ರೀ. ಗಾಡಿ ಓಡಿದಂಗ ಒಳಗ ಎಣ್ಣಿ ಕಾಯತೈತಿ, ಗಾಳಿ ಉಬ್ಬತೈತಿ, ಇಲ್ಲಿಂದ ಹೊರಗ ಹೋಗತೈತಿ. ಇದನ್ನ ಬಣ್ಣ ಹೊಡದು ಮುಚ್ಚಿಬಿಟ್ಟಾರ. ಕುಕ್ಕರಿನ ಸೀಟಿ ಕಟ್ಟಿದ್ರ ಏನಾಗತೈತಿ? ರಬ್ಬರು ಕಿತ್ಕೊಂಡು ಬರತೈತಲ್ರಿ, ಹಂಗ. ಎಷ್ಟು ಸೀಲು ಹಾಕಿದ್ರೂ ಅಷ್ಟ. ಯಾರ್ರಿ ಅಂವಾ ಇಲ್ಲಿ ಬಣ್ಣಾ ಹಚ್ಚಿದಾಂವ?"

ನನಗೆ ಗೊತ್ತಿತ್ತು. ಮಹಾನವಮಿಗೆ ನಾವು ವಾಹನಕ್ಕೆ ಪೂಜೆ ಮಾಡುತ್ತೇವೆ. ಅದಕ್ಕೆ ಮುಂಚೆ ತೊಳೆದು, ತಿಕ್ಕಿ, ಕಬ್ಬಿಣದ ಭಾಗಕ್ಕೆಲ್ಲ ಕರೀ ಬಣ್ಣ ಬಳಿದು ಹೊಸದರಂತೆ ಮಾಡುವುದು ರೂಢಿ. ಆ ವರ್ಷ ಬರುತ್ತೇನೆಂದ ಪೇಂಟರು ಬರಲಿಲ್ಲ. ಸಿಟ್ಟಿನಲ್ಲಿ ನಾನೇ ಡಬ್ಬಿ, ಬ್ರಶ್ಶು ತಂದು, ಗೋಣಿತಾಟು ಹಾಸಿ, ಕೆಳಗೆ ಮಲಗಿ ಎರಡೆರಡು ಕೈ ಬಳಿದಿದ್ದೆ. ಕಣ್ಣಿಗೆ ಕಾಣದ ಜಾಗವೂ ಬಿಡಬಾರದು, ಪೂಜೆಯೆಂದರೆ ಪೂಜೆ, ಎಂದು ಪೈಪಿನ ಹಿಂದೆಲ್ಲ ಬ್ರಶ್ಶು ತುರುಕಿದ್ದು ನೆನಪಾಯಿತು. ಆ ಟೊಪ್ಪಿಗೆಯ ಮೇಲೆ ಬಣ್ಣ ನಿಲ್ಲುತ್ತಿಲ್ಲವೆಂದು ಮೂರನೇ ಸಲವೂ ಬಳಿದಿದ್ದೆ.

"ಯಾವನೋ ಪೇಂಟರ್ ಇದ್ದನ್ರಿ," ಎಂದೆ.

"ಸಿಕ್ಕರ ನನ್ನ ಕಡೆ ಕಳಸ್ರಿ ಅವನ್ನ," ಎಂದು ಅವನು ಟೊಪ್ಪಿಗೆ ತಿರುಗಿಸಿ ತೆಗೆದು ಪೆಟ್ರೋಲಿನಲ್ಲಿ ತೊಳೆದ. ಗಾಲಿಗಳನ್ನು ಬಿಚ್ಚಿ ಬ್ರೇಕು ಚೊಕ್ಕ ಮಾಡುತ್ತ ಮಾತಾಡಿದ. "ಖರೇ ಅಂದ್ರ ನೀವು ರಾಣೇಬೆನ್ನೂರಿಗೆ ಒಯ್ಯಬೇಕಿತ್ರಿ. ನಾ ಎಂಟು ವರ್ಷ ಅಲ್ಲೇ ಒಬ್ಬ ಕಾಕಾ ಕಡೆ ಕಲತಾಂವ. ಅವರು ಎರಡು ದಿವಸ ಕುಂತು ನೋಡಿದ್ರಂದ್ರ ಸಿಗಲಾರದ್ದು ಯಾವುದೂ ಇಲ್ಲ. ಈಗ ಒಯ್ದೂ ಉಪಯೋಗಿಲ್ಲ ಬಿಡ್ರಿ. ಅವರು ಡಿಫರೆನ್ಸಲ್ ಬಿಚ್ಚೂದ ಬಿಟ್ಟಾರ."

"ಯಾಕ?"

"ಕೈ ನಡುಗತೈತಿ ಅಂತಾರ. ನಾ ನೋಡೇನಿ, ಪಾನಾ ಹಿಡದ್ರ ಎಲ್ಲಿ ನಡುಗತೈತ್ರಿ? ಹೇಳಿದ್ರ ಕೇಳಂಗಿಲ್ಲ. ಯಾವನೋ ಗಿರಾಕಿ ಮಂದಿ ಮುಂದ ಹೇಳಿದ್ನಂತ, ಅದನ್ನ ನಂಬಿ ಕುಂತಾರ."

ನನ್ನ ಕಣ್ಣಲ್ಲಿ ನೀರು ಬಂತು. ಬ್ಯಾಡಗಿಯಲ್ಲಿ ಅದಕ್ಕೆ ಯಾರೂ ಕಾರಣ ಕೇಳುವುದಿಲ್ಲ. ಅವನನ್ನೂ ಕೂರಿಸಿಕೊಂಡು ಮೋಟೆಬೆನ್ನೂರಿನ ತನಕ ಓಡಿಸಿಕೊಂಡು ಬಂದು ಕೆಳಗೆ ಬಗ್ಗಿ ನೋಡಿದೆವು. ಮೂತಿ, ಮುಚ್ಚಳ, ಗಾಲಿ, ಎಲ್ಲ ಒಣ. ನಾಲ್ಕು ತಿಂಗಳಿಂದ ಇದೊಂದಕ್ಕೆ ಕಾದಿದ್ದೆ, ಈಗ ಅದು ಸಿಕ್ಕರೂ ಹಿಗ್ಗಲಾಗಲಿಲ್ಲ.

ಮನೆಗೆ ಬಂದು ಹೆಂಡತಿಗೆ ಎಲ್ಲವನ್ನೂ ಹೇಳಿದೆ, ಪೇಂಟರ್ ಮೇಲೆ ಹಾಕಿದ್ದನ್ನೂ. ಅವಳು ಅಕ್ಕಿ ಆರಿಸುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದಳು.

"ಪೇಂಟರ್ ಯಾವಾಗ ಬಂದಿದ್ದ ನಮ್ಮ ಮನಿಗೆ? ಗೋಣಿತಾಟ ಹಾಸ್ಕೊಂಡು ಬುಡಕ ಮಲಗಿದ್ದು ಯಾರು, ನಾನೇನು?"

"ಅದನ್ನ ಹೇಳಾಕತ್ತೇನಲ್ಲ."

"ನನಗ್ಯಾಕ ಹೇಳತೀರಿ? ಆ ಹಿರ್ಯಾಗ ಹೋಗಿ ಹೇಳ್ರಿ. ಪಾಪ, ಅವರ ಕೆಲಸ ಬಿಡಿಸಿ ಕುಂದ್ರಿಸೀರಿ."

ನಾನು ವಾದ ಮಾಡಿದೆ. ಅವರಿಗೆ ವಯಸ್ಸಾಗಿದ್ದು ಸುಳ್ಳೇ? ಗ್ಲಾಸು ನಡುಗಿದ್ದು ಸುಳ್ಳೇ? ಮೂರು ಸಲ ಕೆಳಗೆ ಮಲಗಿಯೂ ಅವರಿಗೆ ಆ ಟೊಪ್ಪಿಗೆ ಯಾಕೆ ಕಾಣಲಿಲ್ಲ? ಅವಳು ಮತ್ತೆ ಅಕ್ಕಿ ಆರಿಸತೊಡಗಿದಳು. ಎರಡು ದಿನ ಕೊಟ್ಟಿದ್ದರೆ ಕಾಣುತ್ತಿತ್ತು ಎಂದು ನನಗೇ ಗೊತ್ತಿತ್ತು. ನನಗೆ ನಾಚಿಕೆಯಾಗಿತ್ತು. ನಾಚಿಕೆಯಾದಾಗ ನಾನು ಇನ್ನೂ ಜೋರಾಗಿ ಮಾತಾಡುತ್ತೇನೆ. ಹಾಗೆಯೇ ನಾಲ್ಕು ದಿನ ಕಳೆದೆ. ಇವತ್ತು ಕೆಲಸವಿದೆ, ನಾಳೆ ಅಮಾವಾಸ್ಯೆ, ನಾಡಿದ್ದು ಬರೀ ಕೈಲಿ ಹೇಗೆ ಹೋಗುವುದು. ಐದನೇ ದಿನ ಅವಳೇ ಜೀಪಿನ ಕೀಲಿಯನ್ನು ನನ್ನ ಊಟದ ತಾಟಿನ ಪಕ್ಕದಲ್ಲಿಟ್ಟಳು.

ರಾಣೇಬೆನ್ನೂರು ಮುಟ್ಟಿದಾಗ ಹನ್ನೊಂದು ಗಂಟೆ. ಕಾಕಾ ಒಂದು ಮಣೆಯ ಮೇಲೆ ಕೂತು ಯಾವುದೋ ಗಾಡಿಯ ಮುಂಗಾಲಿಯ ಬೇರಿಂಗಿಗೆ ಗ್ರೀಸು ತುಂಬುತ್ತಿದ್ದರು. ಡಿಫರೆನ್ಶಿಯಲ್ ಗಡ್ಡೆಗಳನ್ನು ಇಡುತ್ತಿದ್ದ ಬೆಂಚಿನ ಮೇಲೆ ಹಳೇ ಟೈರು ಒಟ್ಟಿದ್ದರು.

"ಬಾರಪಾ. ಸೋರತೈತೇನಿನ್ನ?" ಎಂದರು. ಕೊಂಕಿನಿಂದ ಕೇಳಿದ್ದಲ್ಲ.

ನಾನು ಅವರ ಹತ್ತಿರ ಕುಕ್ಕರಗಾಲಲ್ಲಿ ಕೂತು ಎಲ್ಲವನ್ನೂ ಹೇಳಿದೆ. ಬ್ಯಾಡಗಿ, ಕೆಂಪು ಪುಡಿ, ಗಾಳಿ, ಟೊಪ್ಪಿಗೆ. ಬಣ್ಣ ಬಳಿದದ್ದು ನಾನೇ ಎಂದೂ ಹೇಳಿದೆ. "ನಿಮ್ಮ ಕೈದೇನೂ ತಪ್ಪಿರಲಿಲ್ಲ ಕಾಕಾ. ನನ್ನ ಕೈದ ತಪ್ಪು," ಎಂದೆ.

ಅವರು ಗ್ರೀಸು ಮೆತ್ತಿದ ಕೈಯನ್ನು ಹಾಗೇ ಹಿಡಿದುಕೊಂಡು ಕೇಳಿದರು.

"ಬ್ರೀದರ್," ಎಂದರು ಕೊನೆಗೆ. "ಅದನ್ನ ನೋಡೋಣಂತಿದ್ದೆ ಮರುದಿವಸ." ಆಮೇಲೆ, "ಮುಂಜಾನೆ ಎದ್ದ ಕೂಡಲೆ ಮೊದಲ ಕೈ ನೋಡ್ಕೊಂತೇನಿ ತಮ್ಮಾ, ನಡುಗತಾವೇನು ಅಂತ. ಅವತ್ತಿನಿಂದ ದಿನಾ ನೋಡ್ಕೊಂತೇನಿ. ನೋಡ್ಕೊಂತ ಕುಂತ್ರ ಯಾರದಾದ್ರೂ ನಡುಗತಾವ."

"ತಪ್ಪಾತು ಕಾಕಾ," ಎಂದೆ.

"ಇಷ್ಟು ಮೆಲ್ಲಕ ಯಾಕ ಹೇಳಾಕತ್ತೀದಿ? ಅವತ್ತ ಜೋರ ಹೇಳಿದ್ಯಲ್ಲ."

"ಅವತ್ತ ಸಿಟ್ಟಿನ್ಯಾಗಿದ್ನಿರಿ..."

"ಅವತ್ತ ನಾಕ್ ಮಂದಿ ಇದ್ರು. ಅವರು ಕುಮಾರಪಟ್ಟಣಕ್ಕ ಹೋಗ್ಯಾರ, ಐದಕ್ಕ ಬರತಾರ. ಕುಂದರು."

"ಐದಕ್ಕ? ಕಾಕಾ, ಕರ್ಜಗಿಗೆ ಕಂಬ ಒಯ್ಯೂದೈತ್ರಿ ಮಧ್ಯಾಹ್ನ. ನಾಳೆ ಬೇಕಾದ್ರ ಮತ್ತ ಬಂದು..."

"ಅವತ್ತ ಎರಡು ದಿವಸ ಕೇಳಿದ್ನಿ, ಕೊಡಲಿಲ್ಲ ನೀ. ಇವತ್ತ ಒಂದು ಮಧ್ಯಾಹ್ನ ಕೊಡು."

ಎದುರಿಗಿದ್ದ ಬೂತಿನಿಂದ ಮನೆಗೆ ಫೋನು ಮಾಡಿ, ಕಂಬಗಳನ್ನು ಬಾಡಿಗೆ ಟಂಟಂ ರಿಕ್ಷಾದಲ್ಲಿ ಕಳಿಸಲು ಹೇಳಿ ಬಂದು ಕೂತೆ. ನನ್ನ ಜನ್ಮದಲ್ಲಿ ಅಷ್ಟು ಹೊತ್ತು ಸುಮ್ಮನೆ ಕೂತದ್ದಿಲ್ಲ. ಕಾಕಾ ನನ್ನ ಕಡೆ ನೋಡದೆ ಗ್ರೀಸು ತುಂಬಿದರು, ಗಾಲಿ ಕೂಡಿಸಿದರು, ಇನ್ನೊಂದು ಗಾಡಿಗೆ ಎಣ್ಣೆ ಬದಲಿಸಿದರು. ಹೊತ್ತೇ ಹೋಗಲೊಲ್ಲದು. ನೊಣ ಹೊಡೆದೆ, ಎದ್ದು ನಿಂತೆ, ಮತ್ತೆ ಕೂತೆ. ಒಂದೆರಡು ಸಲ ಸಿಟ್ಟು ಬಂತು, ಯಾರ ಮೇಲೆ ಬಿಡಬೇಕೆಂದು ತಿಳಿಯದೆ ಅದೇ ಹೋಯಿತು. ಎರಡು ಗಂಟೆಗೆ ಅವರು ಬುತ್ತಿ ಬಿಚ್ಚಿ, ಎರಡು ರೊಟ್ಟಿಯ ಮೇಲೆ ಪುಂಡಿಪಲ್ಯ ಹಾಕಿ, ನನ್ನ ಮುಂದೆ ಚಾಚಿದರು. ಆ ಕೈಯನ್ನು ನಾನು ನೋಡಿದೆ. ಬೇಡವೆಂದರೂ ಕಣ್ಣು ಅಲ್ಲಿಗೇ ಹೋಗಿತ್ತು. ರೊಟ್ಟಿ ಅಲುಗುತ್ತಿರಲಿಲ್ಲ.

ಐದು ಎಂದವರು ಆರಕ್ಕೆ ಬಂದರು. ನಾಲ್ವರೂ ತಮ್ಮ ತಮ್ಮ ಗಾಡಿ ನಿಲ್ಲಿಸಿ ಚಹಾಕ್ಕೆ ಹೇಳಿ ಕೂತ ಮೇಲೆ, ಕಾಕಾ ನನ್ನ ಕಡೆ ಗದ್ದ ಎತ್ತಿ ಸನ್ನೆ ಮಾಡಿದರು. ನಾನು ಎದ್ದು ನಿಂತೆ. ಮದುವೆ ಮನೆಗಳಲ್ಲಿ ಮೈಕು ಹಿಡಿದು ಊಟಕ್ಕೆ ಕರೆಯುವವನು ನಾನು, ಅವತ್ತು ಬಾಯಿ ಒಣಗಿತ್ತು.

"ದೀಪಾವಳಿ ಆದಮ್ಯಾಲೆ ನಾ ಇಲ್ಲಿ ನಿಂತು ಕಾಕಾಗ ಕೈ ನಡುಗತೈತಿ ಅಂದಿದ್ನಿ, ನೀವೆಲ್ಲಾ ಕೇಳೀರಿ. ಅದು ಸುಳ್ಳು. ಮಾನೌಮಿ ಪೂಜಿಗೆ ನಾನ ಬಣ್ಣಾ ಹಚ್ಚಿ ಬ್ರೀದರ್ ಮುಚ್ಚಿದ್ನಿ. ಅದಕ್ಕ ಸೋರತಿತ್ತು. ಕಾಕಾ ಹಾಕಿದ ಸೀಲು ಬರೋಬರಿ ಇದ್ವು."

ಒಬ್ಬ ಡ್ರೈವರು ನಗು ತಡೆಯಲಾಗದೆ, "ಅಂದ್ರ ಅಣ್ಣಾರ, ಪೂಜಿ ಮಾಡಿ ಗಾಡಿ ಉಸಿರ ಕಟ್ಟಿಸಿದ್ರಿ ಅನ್ರಿ!" ಎಂದ. ಎಲ್ಲರೂ ನಕ್ಕರು. ನಗಲಿ ಎಂದು ನಿಂತುಕೊಂಡೆ. ಕಾಕಾ ಮಾತ್ರ ನಗಲಿಲ್ಲ. ಬಟ್ಟೆಯ ತುಂಡಿನಿಂದ ಒಂದೊಂದೇ ಬೆರಳನ್ನು ಒರೆಸಿಕೊಂಡು, ಮೂಲೆಯಲ್ಲಿ ಕೂತಿದ್ದ ಡ್ರೈವರನ ಕಡೆ ತಿರುಗಿದರು.

"ನಿನ್ನ ಗಾಡಿ ಡಿಫರೆನ್ಸಲ್ ಸದ್ದು ಮಾಡತೈತಿ, ಹುಬ್ಬಳ್ಳಿಗೆ ಒಯ್ತೇನಿ ಅಂತಿದ್ಯಲ್ಲ? ಒಯ್ಯಬ್ಯಾಡ. ನಾಳೆ ಮುಂಜಾನೆ ಇಲ್ಲೇ ತಂದು ಬಿಡು. ನಾನ ಬಿಚ್ಚತೇನಿ."

ಆ ಡ್ರೈವರು ತಡವರಿಸಿದ. "ಕಾಕಾ, ಮತ್ತ ನಿಮ್ಮ ಕೈ..."

"ಯಾಕ, ನನ್ನ ಕೈಗೇನಾಗೈತಿ?" ಎಂದರು ಕಾಕಾ.

ಅವನು ನನ್ನ ಮುಖ ನೋಡಿದ. "ಏನೂ ಆಗಿಲ್ಲ," ಎಂದೆ ನಾನು, ರಸ್ತೆಯವರಿಗೂ ಕೇಳುವಷ್ಟು ಜೋರಾಗಿ.